ಕೂಜಿಕ್‌ನ ಕಾರು ಉಸಿರಾಡಿದ್ದು

ಎಮಿಲ್ ಕೂಜಿಕ್ ಸುಳ್ಳುಗಾರನೇನಲ್ಲ. ಸುಳ್ಳು ಹೇಳಬೇಕಾದರೆ ಮೊದಲು ಯಾರಾದರೂ ಏನಾದರೂ ಕೇಳಬೇಕು. ಮ್ಯಾನಿಟೋಬಾದ ಗೋಧಿ ಬಯಲಿನ ನಡುವೆ ಇರುವ ಪೆಲಿಕನ್ ಬೆಂಡ್ ಎಂಬ ಆ ಊರಿನಲ್ಲಿ ಅವನನ್ನು ಏನನ್ನಾದರೂ ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಬಣ್ಣದ ಕೌಂಟರಿನಲ್ಲಿ ನಿಂತು ನಿಂತು ಅವನ ತಲೆಗೂದಲೇ ಬಣ್ಣ ಬದಲಿಸಿತ್ತು. ಗಿರಾಕಿಗಳು ಬಂದು, ಇದು ಬಿಳಿಯೋ ಕೆನೆ ಬಿಳಿಯೋ ಎಂದು ವಿಚಾರಿಸುತ್ತಿದ್ದದ್ದು ಉಂಟು. ಅವನು ಬಾಯಿ ತೆರೆಯುವಷ್ಟರಲ್ಲಿ, "ಇರಲಿ ಬಿಡು, ಮನೇಲಿ ಕೇಳ್ತೀನಿ" ಎಂದು ಹೊರಟುಹೋಗುತ್ತಿದ್ದರು.

ಅಂಥವನು ಅಕ್ಟೋಬರ್ ತಿಂಗಳ ಒಂದು ಭಾನುವಾರ ಚರ್ಚು ಮುಗಿಸಿ, ಹೆಂಡತಿ ಲೇಸ್ಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರವರೆಲ್ಲ ಸೇರುವ ಕಾಫಿ ಅಂಗಡಿಯ ಅಂಗಳಕ್ಕೆ ಕಾರು ತಿರುಗಿಸಿದ. ಅಂಗಳದ ಬಾಯಲ್ಲಿ ಒಂದು ಉಬ್ಬು ಇತ್ತು. ಕಾರು ಉಬ್ಬು ಹತ್ತಿ ಇಳಿಯಿತು. ಹೊಟ್ಟೆಯಡಿ ಖಣ್ ಎಂದಿತು. ಏನೋ ಉರುಳಿದ ಸದ್ದಾಯಿತು. ಮರುಗಳಿಗೆಯಲ್ಲಿ, ಅಷ್ಟು ವರ್ಷ ಕರುವಿನಷ್ಟು ಸೌಮ್ಯವಾಗಿದ್ದ ಆ ನೀಲಿ ಕಾರು ಕಟ್ಟಿಹಾಕಿದ ಗೂಳಿಯಂತೆ ಗುಟುರು ಹಾಕಿತು. ಒಳಗೆ ಕಾಫಿ ಕುಡಿಯುತ್ತಿದ್ದವರೆಲ್ಲ ಕಿಟಕಿಗೆ ಬಂದರು. ಹೊರಗಿದ್ದವರು ತಿರುಗಿ ನೋಡಿದರು.

ಸೈಲೆನ್ಸರ್ ಬಿದ್ದಿತ್ತು. ತುಕ್ಕು ತಿಂದು ತಂತಿಯೊಂದರ ಕೃಪೆಯಿಂದ ನೇತಾಡುತ್ತಿದೆ, ಸರಿ ಮಾಡಿಸು ಎಂದು ಲೇಸ್ಯಾ ಬೇಸಿಗೆಯಿಡೀ ಹೇಳಿದ್ದಳು. ಎಮಿಲ್ ಬೇಸಿಗೆಯಿಡೀ ಹ್ಞೂಂ ಅಂದಿದ್ದ.

ಅವನು ಇಂಜಿನ್ ಆರಿಸಿ ಇಳಿದು, ಬಿದ್ದದ್ದನ್ನು ಎತ್ತಿಕೊಳ್ಳಲು ಬಗ್ಗಿದ. ಅದು ಸುಡುತ್ತಿತ್ತು. ಬೆರಳು ಚುರ್ ಎಂದರೂ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ನೋಡಿಕೊಂಡು, ಕಾಲಡಿಯ ಚಾಪೆಯಲ್ಲಿ ಸುತ್ತಿ ಡಿಕ್ಕಿಯೊಳಗೆ ಮಲಗಿಸಿದ. ತಿರುಗಿದರೆ ಎದುರಿಗೆ ನೆರೆಮನೆಯ ರೂಡಿ ಥೀಸನ್, ಕೈಯಲ್ಲಿ ಕಾಫಿ ಲೋಟ.

"ಏನಯ್ಯ ಎಮಿಲ್, ಸೈಲೆನ್ಸರ್ ಬಿದ್ದೋಯ್ತಾ?"

ಹೌದು ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಿಟಕಿಯ ತುಂಬ ಮುಖಗಳಿದ್ದವು. ಎಮಿಲ್‌ನ ಜೀವಮಾನದಲ್ಲಿ ಅಷ್ಟು ಜನ ಒಟ್ಟಿಗೆ ಅವನ ಉತ್ತರಕ್ಕೆ ಕಾದದ್ದು ಅದೇ ಮೊದಲು.

"ಬಿದ್ದಿಲ್ಲ," ಎಂದ ಅವನು. "ತೆಗೆಸಿದ್ದೀನಿ."

"ಈಗ ತಾನೇ ನನ್ನ ಕಣ್ಣೆದುರಿಗೇ ಬಿತ್ತಲ್ಲಯ್ಯ!"

"ಅದು ಕೊನೇ ಹಂತ."

ರೂಡಿ ಕಾಫಿ ಲೋಟ ಕೆಳಗಿಳಿಸಿದ. ಎಮಿಲ್‌ಗೆ ಆ ಕ್ಷಣದಲ್ಲಿ ಕ್ಷೌರದಂಗಡಿಯಲ್ಲಿ ಓದಿದ ಹಳೆಯ ವಾಹನ ಪತ್ರಿಕೆಯ ಒಂದು ಪುಟ ನೆನಪಿಗೆ ಬಂತು. ಹೊಗೆಕೊಳವೆಯ ಅಡ್ಡಿ ಕಡಿಮೆ ಮಾಡಿದರೆ ಇಂಜಿನ್ ಸಲೀಸಾಗಿ ಉಸಿರಾಡುತ್ತದೆ, ಶಕ್ತಿ ಹೆಚ್ಚುತ್ತದೆ, ಪೆಟ್ರೋಲು ಉಳಿಯಬಹುದು ಎಂದು ಅದರಲ್ಲಿತ್ತು. ಪುಟದ ಕೊನೆಯ ಪದ 'ಆದರೆ' ಎಂದಿತ್ತು. ಮುಂದಿನ ಪುಟವನ್ನು ಯಾರೋ ಹರಿದುಕೊಂಡು ಹೋಗಿದ್ದರು.

"ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡ್ತೀಯಾ ನೀನು?" ಎಂದು ಎಮಿಲ್ ಕೇಳಿದ. "ಇಂಜಿನ್ನೂ ಹಾಗೇ. ಅದಕ್ಕೂ ಉಸಿರು ಬಿಡೋಕೆ ದಾರಿ ಬೇಕು. ಅಡ್ಡ ಇರೋ ಡಬ್ಬ ತೆಗೆದುಬಿಟ್ರೆ ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ."

"ಮೈಲೇಜೂನಾ?"

"ಎರಡೂ."

ಕಿಟಕಿಯ ಹಿಂದಿನ ಮುಖಗಳು ಒಂದನ್ನೊಂದು ನೋಡಿಕೊಂಡವು. ಎಮಿಲ್ ಮಾತ್ರ ಮೆಲ್ಲನೆ ಹೆಂಡತಿಯ ಕಡೆ ನೋಡಿದ. ಲೇಸ್ಯಾ ಕಾರಿನಿಂದ ಇಳಿದು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಮಳೆ ಬರುತ್ತದೋ ಎಂಬಂತೆ ಆಕಾಶ ನೋಡುತ್ತಿದ್ದಳು. ಅವಳು ಊರ ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ. ಉಪ್ಪಿನಿಂದ ಹಿಡಿದು ಉಯಿಲಿನವರೆಗೆ ಜನ ಅವಳನ್ನೇ ಕೇಳುವವರು. ಅವಳು ಒಂದು ಮಾತು ಆಡಿದ್ದರೂ ಸಾಕಿತ್ತು. ಆಡಲಿಲ್ಲ.

ಮನೆಯಲ್ಲಾದರೂ ಬೈಯುತ್ತಾಳೆಂದು ಎಮಿಲ್ ಕಾದ. ಅವಳು ನಲ್ಲಿ ಬಿಟ್ಟು, "ಕೈ ಇಲ್ಲಿ ಕೊಡು" ಅಂದಳು. ಬೆರಳುಗಳನ್ನು ತಣ್ಣೀರಿಗೆ ಹಿಡಿದು, "ಉರಿಯುತ್ತಾ?" ಎಂದು ಕೇಳಿದಳು.

"ಇಲ್ಲ."

"ಹೌದಾ," ಅಂದಳು ಲೇಸ್ಯಾ. ಅಷ್ಟೇ.

ಆ 'ಹೌದಾ' ಅವನನ್ನು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

ಮರುದಿನವೇ ಗುಟ್ಟಾಗಿ ಸೈಲೆನ್ಸರ್ ಹಾಕಿಸಿಬಿಡೋಣವೆಂದರೆ ಊರಿನಲ್ಲಿ ಇದ್ದದ್ದು ಒಂದೇ ಗ್ಯಾರೇಜು. ಅಲ್ಲಿಗೆ ಹೋದ ಕಾರಿನ ಸಮಾಚಾರ ಕಾರಿಗಿಂತ ಮೊದಲು ಊರು ಸೇರುತ್ತಿತ್ತು. ಪಕ್ಕದ ಊರಿಗೆ ಹೋಗೋಣವೆಂದರೆ ಬಯಲಿನ ಉದ್ದಕ್ಕೂ ಗರ್ಜಿಸಿಕೊಂಡು ಹೋಗಬೇಕು. ಹೀಗೆ ಎಮಿಲ್ ಕೂಜಿಕ್ ತನ್ನ ಸಂಶೋಧನೆಗೆ ತಾನೇ ಸೆರೆಸಿಕ್ಕಿದ.

ಸೆರೆಯವನು ಹೇಗೆ ಓಡಾಡುತ್ತಾನೋ ಹಾಗೇ ಕಾರು ಓಡಿಸಿದ. ಕಾಲಿನ ಹೆಬ್ಬೆರಳ ತುದಿಯಿಂದ ಮಾತ್ರ ಆಕ್ಸಿಲರೇಟರ್ ಮುಟ್ಟುತ್ತಿದ್ದ. ಒಂದಿಷ್ಟು ಹೆಚ್ಚು ಒತ್ತಿದರೆ ಕಾರು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹಾಕುತ್ತಿತ್ತು. ಆಸ್ಪತ್ರೆಯ ಮುಂದೆ, ಶಾಲೆಯ ಮುಂದೆ, ಪೊಲೀಸ್ ಠಾಣೆಯ ಮುಂದೆ ಕಾಲನ್ನು ಪೂರ್ತಿ ಎತ್ತಿ, ಕಾರನ್ನು ತನ್ನ ಪಾಡಿಗೆ ಉರುಳಲು ಬಿಡುತ್ತಿದ್ದ. ದೂರದಲ್ಲಿ 'ನಿಲ್ಲಿ' ಎಂಬ ಫಲಕ ಕಂಡರೆ ಅಲ್ಲಿಂದಲೇ ಕಾಲು ತೆಗೆಯುತ್ತಿದ್ದ. ಬ್ರೆಡ್ಡಿಗೆ, ಹಾಲಿಗೆ ನಡೆದೇ ಹೋಗುತ್ತಿದ್ದ. ಮೊದಲೆಲ್ಲ ಬೆಳಗಿನ ಚಳಿಗೆ ಕಾರನ್ನು ಬಹಳ ಹೊತ್ತು ಬಿಸಿ ಮಾಡುತ್ತಾ ನಿಲ್ಲಿಸಿಕೊಳ್ಳುತ್ತಿದ್ದವನು ಈಗ ಕೀಲಿ ತಿರುಗಿಸಿದವನೇ ಕಳ್ಳನಂತೆ ಜಾರಿಕೊಳ್ಳುತ್ತಿದ್ದ.

ಕಡೆಗೊಂದು ದಿನ ಟ್ಯಾಂಕು ಖಾಲಿಯಾಗಿ ಪೆಟ್ರೋಲ್ ಬಂಕಿಗೆ ಹೋದಾಗ, ಬಂಕಿನ ಒಡತಿ ಯಿವೋನ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಬಂದಳು.

"ಎಮಿಲ್, ನನ್ನ ಮೇಲೆ ಏನಾದ್ರೂ ಸಿಟ್ಟಾ? ನೇರವಾಗಿ ಹೇಳಿಬಿಡು."

"ಯಾಕೆ?"

"ವಾರ ವಾರ ಬರ್ತಿದ್ದೋನು ಈಗ ಪತ್ತೇನೇ ಇಲ್ಲ. ಬೇರೆ ಊರಲ್ಲಿ ಹಾಕಿಸ್ತಿದ್ದೀಯಾ?"

"ಇಲ್ಲಮ್ಮ."

"ಮತ್ತೆ?"

ಎಮಿಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. "ಬೇಕಾಗ್ಲಿಲ್ಲ," ಎಂದ.

ಅದು ಸತ್ಯ. ಆ ಶರತ್ಕಾಲದಲ್ಲಿ ಅವನು ಆಡಿದ ಮೊದಲ ಸತ್ಯವೇ ಅವನನ್ನು ಪೂರ್ತಿ ಮುಳುಗಿಸಿತು. ಪೆಟ್ರೋಲು ಮಾರುವವಳೇ ಪೆಟ್ರೋಲು ಉಳಿಯಿತೆಂದು ಸಾಕ್ಷಿ ಹೇಳಿದ ಮೇಲೆ ಅನುಮಾನಿಸುವುದಕ್ಕೆ ಏನಿದೆ? ಮಾರನೆಯ ದಿನ ಬಣ್ಣದ ಕೌಂಟರಿನ ಮುಂದೆ ಬಣ್ಣ ಬೇಡದವರ ಗುಂಪು ಸೇರಿತು.

ಎಲ್ಲರೂ ನಂಬಿದರೂ ನಂಬದವನೊಬ್ಬನಿದ್ದ. ಅವನು ಲೇಸ್ಯಾಳ ತಮ್ಮ ಮೈರನ್. ಟ್ರ್ಯಾಕ್ಟರ್ ಮಾರುವ ಮಳಿಗೆ ನಡೆಸುತ್ತಿದ್ದ ಅವನಿಗೆ ಯಂತ್ರಗಳ ಬಗ್ಗೆ ಗೊತ್ತಿಲ್ಲದ್ದು ಇರಲಿಲ್ಲ. ಬೇರೆಯವರಿಗೆ ಗೊತ್ತಿರುವುದನ್ನು ಸಹಿಸುವುದಂತೂ ಸಾಧ್ಯವೇ ಇರಲಿಲ್ಲ. ಭಾನುವಾರ ಊಟಕ್ಕೆ ಬಂದು, ಎಲೆಕೋಸಿನ ಸುರುಳಿಗಳನ್ನು ತಟ್ಟೆಗೆ ಹಾಕಿಕೊಳ್ಳುತ್ತಲೇ ಪೀಠಿಕೆ ಶುರುಮಾಡಿದ.

"ಭಾವ, ಹಿಂದಿನ ಒತ್ತಡ ಅಂತ ಒಂದಿದೆ. ಕೇಳಿದ್ದೀಯಾ?"

"ಹ್ಞೂಂ."

"ಕೇಳಿಲ್ಲ ನೀನು. ಕೊಳವೆಯೊಳಗೆ ಹೊಗೆ ಒಂದು ವೇಗದಲ್ಲಿ ಹೋಗ್ತಿರಬೇಕು. ಒಂದು ಬಿಗಿ ಇರಬೇಕು. ನೀನು ಅದರ ಬಾಯಿ ತೆರೆದು ಬಿಟ್ರೆ ನಿಧಾನಕ್ಕೆ ಹೋಗುವಾಗ ಇಂಜಿನ್ ದಮ್ಮು ಕಳ್ಕೊಳ್ಳುತ್ತೆ. ಆ ಹಿಂದಿನ ಒತ್ತಡವನ್ನ ನೀನು ಏನು ಮಾಡಿದೆ, ಹೇಳು ನೋಡೋಣ?"

"ಹಿಂದೇನೇ ಬಿಟ್ಟು ಬಂದೆ," ಎಂದ ಎಮಿಲ್.

ತಮಾಷೆಗೆ ಹೇಳಿದ್ದಲ್ಲ. ಬಾಯಲ್ಲಿ ಎಲೆಕೋಸು ತುಂಬಿದ್ದರಿಂದ ಉದ್ದ ಉತ್ತರ ಸಾಧ್ಯವಿರಲಿಲ್ಲ. ಆದರೆ ಲೇಸ್ಯಾ ಫಕ್ಕನೆ ನಕ್ಕುಬಿಟ್ಟಳು. ಮದುವೆಯಾದಂದಿನಿಂದ ತಮ್ಮನ ಮಾತಿಗೆ ತಲೆಯಾಡಿಸುತ್ತಾ ಬಂದವಳು, ತಮ್ಮನೆದುರಿಗೇ ಗಂಡನ ಮಾತಿಗೆ ನಕ್ಕಳು. ಎಮಿಲ್ ಎಲೆಕೋಸು ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ಸತ್ಯ ಹೇಳಿಬಿಡಬೇಕೆಂದು ಹಿಂದಿನ ದಿನ ಮಾಡಿಕೊಂಡಿದ್ದ ನಿರ್ಧಾರ ಅಲ್ಲಿಗೆ ಕರಗಿಹೋಯಿತು.

ಮೈರನ್ ಫೋರ್ಕು ಕೆಳಗಿಟ್ಟ. "ಏಳು ಭಾವ. ನದಿಯ ಏರಿಗೆ ಹೋಗೋಣ. ಪಿಕಪ್ ಎಷ್ಟಿದೆ ಅಂತ ನಾನೇ ನೋಡ್ತೀನಿ."

ಊರಿನ ಸುತ್ತ ಎಲ್ಲ ಸಮತಟ್ಟು. ನದಿಯ ಕಣಿವೆಯಿಂದ ಮೇಲೆ ಬರುವ ರಸ್ತೆ ಒಂದೇ ಏರು. ಕೆಳಗೆ ಕಾರು ನಿಲ್ಲಿಸಿ ಎಮಿಲ್ ಒಮ್ಮೆ ಶಿಲುಬೆಯ ಗುರುತು ಹಾಕಿಕೊಂಡ. ಅಂದಿನವರೆಗೆ ಹೆಬ್ಬೆರಳಿಗಿಂತ ಹೆಚ್ಚು ಇಟ್ಟಿರದ ಜಾಗದ ಮೇಲೆ ಇಡೀ ಪಾದ ಊರಿದ. ಆ ಸದ್ದನ್ನು ವರ್ಣಿಸುವುದು ಕಷ್ಟ. ಆಸನ ನಡುಗಿತು, ಗಾಜು ನಡುಗಿತು, ಮೈರನ್‌ನ ಕೆನ್ನೆ ನಡುಗಿತು. ಕಾರು ಈಗಲೋ ಆಗಲೋ ನೆಲ ಬಿಟ್ಟು ಹಾರುತ್ತದೆಂದು ಅವನು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡ.

ಹಾಗೆ ಮುಚ್ಚಿಕೊಂಡದ್ದರಿಂದ ವೃದ್ಧಾಶ್ರಮದ ವ್ಯಾನೊಂದು ಹಿಂದಿನಿಂದ ಬಂದು, ನಿಧಾನವಾಗಿ ಅವರನ್ನು ದಾಟಿ ಮುಂದೆ ಹೋದದ್ದು ಅವನಿಗೆ ಕಾಣಲಿಲ್ಲ. ವ್ಯಾನಿನ ಕಿಟಕಿಯಿಂದ ಒಬ್ಬ ಮುದುಕಿ ಕೈ ಬೀಸಿದಳು. ಎಮಿಲ್ ಮರ್ಯಾದೆಗೆ ಬದಲಿಗೆ ಕೈ ಬೀಸಿದ.

ಮೇಲೆ ಬಂದು ನಿಂತ ಮೇಲೆ ಮೈರನ್ ಇಳಿದು, ಟೋಪಿ ಸರಿಮಾಡಿಕೊಂಡು, ಬಹಳ ಹೊತ್ತು ಬಯಲನ್ನು ನೋಡಿದ.

"ಇದೆ ಭಾವ," ಎಂದ. "ಪಿಕಪ್ ಇದೆ. ಒಪ್ಪಿಕೊಂಡೆ."

ಒಪ್ಪಿಕೊಂಡು ಸುಮ್ಮನಿರುವ ಜಾತಿಯಲ್ಲ ಮೈರನ್. ಒಂದು ವಾರದೊಳಗೆ ತನ್ನ ಪಿಕಪ್ ಟ್ರಕ್ಕಿನ ಸೈಲೆನ್ಸರ್ ಕತ್ತರಿಸಿ ಒಗೆದು, ಹಿಂದಿನ ಒತ್ತಡ ಎನ್ನುವುದು ಅಜ್ಜಂದಿರ ಕಾಲದ ನಂಬಿಕೆಯೆಂದು ಮಳಿಗೆಗೆ ಬಂದವರಿಗೆಲ್ಲ ಉಪದೇಶ ಮಾಡತೊಡಗಿದ. ರೂಡಿ ಥೀಸನ್ ತೆಗೆಸಿದ. ಮೊಟ್ಟೆ ಮಾರುವವಳು ತೆಗೆಸಿದಳು. ದಂತವೈದ್ಯ ತೆಗೆಸಿದ. ಕೊನೆಗೆ ಯಿವೋನಳೇ, ಹೊಟ್ಟೆಪಾಡಿಗೆ ವಿರುದ್ಧವಾಗಿ, ತೆಗೆಸಿದಳು. ಪೆಲಿಕನ್ ಬೆಂಡಿನಲ್ಲಿ ಬೆಳಗಾಗುವುದು ಯುದ್ಧ ಶುರುವಾದಂತೆ ಆಯಿತು. ನಾಯಿಗಳು ಮೊದಮೊದಲು ಬೊಗಳಿದವು. ಆಮೇಲೆ ಸೋತು ಮಲಗಿದವು.

ಠಾಣೆಯ ಸಾರ್ಜೆಂಟ್ ಡೂಶಾರ್ಮ್, ನಿಧಾನವಾಗಿ ಮಾತಾಡುವ ದೊಡ್ಡ ಆಳಿನ ಹೆಂಗಸು, ಒಂದು ಮಧ್ಯಾಹ್ನ ಬಣ್ಣದ ಕೌಂಟರಿಗೆ ಬಂದು ಟೋಪಿ ತೆಗೆದಿಟ್ಟಳು.

"ಕೂಜಿಕ್ ಅವರೇ, ನಿನ್ನೆ ಒಂದು ಗಾಡಿಯನ್ನ ಅಟ್ಟಿಸಿಕೊಂಡು ಹೋದೆ. ಸೈರನ್ ಹಾಕಿದ್ದೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ. ಇಳಿದು ನೋಡಬೇಕಾಯ್ತು."

"ಹಾಕಿದ್ರಾ?"

"ಹಾಕಿದ್ದೆ. ನೀವು ವಿಜ್ಞಾನಿಗಳು, ನಿಮಗೆ ಹೇಳುವಷ್ಟು ನಾನು ಓದಿಲ್ಲ. ಆದರೆ ಕಾನೂನಲ್ಲಿ ಸದ್ದಿಗೆ ಒಂದು ಮಿತಿ ಇದೆ. ಈ ತಿಂಗಳು ಮುಗಿಯೋದರೊಳಗೆ ನಿಮ್ಮ ಶಿಷ್ಯರಿಗೆ ತಿಳಿಸಿ ಹೇಳಿ. ಆಮೇಲೆ ನಾನು ದಂಡ ಹಾಕ್ತೀನಿ, ಮೊದಲು ನಿಮಗೆ."

ಅವಳು ಹೊರಟ ಮೇಲೆ ರೂಡಿ ಬಂದ. ಅವನ ಮುಖ ಬಾಡಿತ್ತು.

"ಎಮಿಲ್, ನನ್ನ ಮೈಲೇಜು ಇಳಿದುಹೋಗಿದೆ ಕಣಯ್ಯ."

"ಇಳೀತಾ?"

"ಬಂಕಿಗೆ ಹೋಗಿ ಹೋಗಿ ಯಿವೋನ್ ನನ್ನನ್ನ ಮನೆಯವನ ಥರ ಮಾತಾಡಿಸ್ತಾಳೆ. ನಿಂದು ಹೆಚ್ಚಾಯ್ತು, ನಂದು ಇಳೀತು. ಏನು ವಿಷಯ?"

ಎಮಿಲ್ ಬಣ್ಣದ ಡಬ್ಬವೊಂದನ್ನು ಕುಲುಕುವ ಯಂತ್ರಕ್ಕೆ ಸಿಕ್ಕಿಸಿ ಯೋಚಿಸಿದ. "ನೀನು ಹೇಗೆ ಓಡಿಸ್ತೀಯಾ?"

ರೂಡಿಯ ಮುಖದಲ್ಲಿ ಒಂದು ಬೆಳಕು ಬಂತು. "ಆ ಸದ್ದು ಕೇಳಿದ್ರೆ ಕಾಲು ತಾನಾಗೇ ಇಳಿಯುತ್ತಯ್ಯ! ಒತ್ತಿದಷ್ಟೂ ಒತ್ತೋಣ ಅನ್ಸುತ್ತೆ. ನನ್ನ ಹೆಂಡ್ತಿ ಜೊತೆಗಿಲ್ಲದಾಗ ಸುಮ್ಮನೆ ಒಂದು ಸುತ್ತು ಹೊಡ್ಕೊಂಡು ಬರ್ತೀನಿ."

"ಅದೇ ತಪ್ಪು. ಮೆಲ್ಲಗೆ ಓಡಿಸಬೇಕು. ಕಾಲು ಇಟ್ಟೂ ಇಡದ ಹಾಗೆ ಇಡಬೇಕು."

ಡಬ್ಬ ಕಟಕಟ ಕುಲುಕುತ್ತಿತ್ತು.

"ಹಾಗಾದ್ರೆ, ಸೈಲೆನ್ಸರ್ ಇಟ್ಕೊಂಡೇ ಮೆಲ್ಲಗೆ ಓಡಿಸಿದ್ರೂ ಮೈಲೇಜು ಬರ್ತಿತ್ತಲ್ಲ?"

ಇಡೀ ಊರಿನಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಹರಿದುಹೋಗಿದ್ದ ಪುಟದಲ್ಲಿ ಏನಿತ್ತೆಂದು ಎಮಿಲ್‌ಗೆ ಆ ಕ್ಷಣ ಥಟ್ಟನೆ ತಿಳಿಯಿತು. ಪೆಟ್ರೋಲು ಉಳಿಸಿದ್ದು ಕೊಳವೆಯಲ್ಲ, ನಾಚಿಕೆ.

"ಮೆಲ್ಲಗೆ ಓಡಿಸೋಕೆ ಮನುಷ್ಯನಿಗೆ ಒಂದು ಕಾರಣ ಬೇಕಲ್ಲ ರೂಡಿ," ಎಂದ.

ರೂಡಿಗೆ ಅದು ಬಹಳ ಗಹನವಾಗಿ ಕಂಡಿತು. ತಲೆಯಾಡಿಸುತ್ತಾ ಹೊರಗೆ ಹೋಗಿ, ಕಾರು ಹತ್ತಿ, ಕಿಟಕಿಯ ಗಾಜು ಅದುರುವಂತೆ ಸದ್ದು ಮಾಡಿಕೊಂಡು ಹೊರಟುಹೋದ.

ಅಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಕಪ್ಪು ಕೋಟಿನ ಬೋಡ್ರಿ ಬಂದರು. ಊರಿನ ಶವಸಂಸ್ಕಾರದ ಮನೆ ಅವರದು. ಸುತ್ತಲಿನ ಹಳ್ಳಿಗಳಿಂದೆಲ್ಲ ಹೆಣ ತರುವುದು, ಒಯ್ಯುವುದು ಅವರ ಉದ್ದನೆಯ ಕಪ್ಪು ಶವವಾಹನದಲ್ಲೇ. ಅದು ಪೆಟ್ರೋಲು ಕುಡಿಯುವುದನ್ನು ನೋಡಿದರೆ ಸತ್ತವರೂ ನಿಟ್ಟುಸಿರು ಬಿಡಬೇಕು.

"ಕೂಜಿಕ್ ಅವರೇ, ಮೆಲ್ಲಗೆ ಓಡಿಸಿದರೆ ಲಾಭ ಜಾಸ್ತಿ ಅಂತ ಥೀಸನ್ ಹೇಳಿದರು. ನನ್ನದು ಮೆಲ್ಲಗೇ ಹೋಗುವ ಗಾಡಿ. ನನಗಿಂತ ತಕ್ಕವರು ಈ ಊರಲ್ಲಿ ಯಾರಿದ್ದಾರೆ?"

ಎಮಿಲ್ ಗಾಬರಿಯಾದ. "ಬೇಡಿ ಬೋಡ್ರಿಯವರೇ. ದಯವಿಟ್ಟು ಬೇಡಿ. ನಿಮ್ಮ ಗಾಡಿಗೆ ಅದು ಸರಿಹೋಗಲ್ಲ. ಯಾರ ಗಾಡಿಗೂ ಸರಿಹೋಗಲ್ಲ. ಇದ್ದ ಹಾಗೇ ಇರಲಿ."

ಇಷ್ಟು ದಿನದಲ್ಲಿ ಅವನು ಕೊಟ್ಟ ಒಂದೇ ಪ್ರಾಮಾಣಿಕ ಸಲಹೆ ಇದು. ಬೋಡ್ರಿ ಮುಖ ಗಂಟಿಕ್ಕಿಕೊಂಡರು. ಊರಿಗೆಲ್ಲ ಹೇಳಿಕೊಟ್ಟು ತನಗೆ ಮಾತ್ರ ಬೇಡವೆನ್ನುವುದರ ಅರ್ಥವೇನು? ಸಾವಿನ ವ್ಯಾಪಾರ ಮಾಡುವವನೆಂದು ತಾತ್ಸಾರವೇ? ಅಲ್ಲಿಂದ ಹೊರಟು ನೇರ ಗ್ಯಾರೇಜಿಗೆ ಹೋದರು.

ಅದೇ ವಾರ ವಾಸಿಲ್ ಮೆಲ್ನಿಚುಕ್ ತೀರಿಕೊಂಡ. ತುಂಬು ಜೀವನ ನಡೆಸಿದ ರೈತ. ಬೆಳಗ್ಗೆ ಚಹಾ ಕುಡಿದು, ಹೊಲ ಕಾಣುವ ಕಿಟಕಿಯ ಪಕ್ಕ ಕೂತವನು ಕೂತಂತೆಯೇ ಹೋಗಿದ್ದ. ಅವನ ಹೆಂಡತಿ ಪರಸ್ಕಾ ಅಜ್ಜಿ ಊರಿಗೇ ಹಿರಿಯಳು. ಅವಳ ಕಣ್ಣಿನಿಂದ ಒಂದು ಹನಿ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಮನೆಯಲ್ಲೂ ಅಳಲಿಲ್ಲ, ಚರ್ಚಿನಲ್ಲೂ ಅಳಲಿಲ್ಲ. ತೆರೆದ ಶವಪೆಟ್ಟಿಗೆಯ ಪಕ್ಕ ಊರುಗೋಲು ಹಿಡಿದು ನೆಟ್ಟಗೆ ಕೂತು, ಗಂಡನನ್ನು ಯಾವುದೋ ಪ್ರಶ್ನೆಗೆ ಉತ್ತರ ಕೇಳುವವಳಂತೆ ದಿಟ್ಟಿಸುತ್ತಿದ್ದಳು. ಅಳದಿದ್ದರೆ ಮುದುಕಿಯ ಎದೆ ಒಡೆದೀತೆಂದು ಮಗಳು ಹೆದರಿದ್ದಳು. ಪಾದ್ರಿಗಳೂ ಹೆದರಿದ್ದರು.

ಶನಿವಾರ ಬೆಳಗ್ಗೆ ಪ್ರಾರ್ಥನೆ ಮುಗಿಯಿತು. ಧೂಪದ ಹೊಗೆಯ ನಡುವೆ ಪೆಟ್ಟಿಗೆಯನ್ನು ಹೊತ್ತು ತಂದು ಶವವಾಹನದೊಳಗೆ ಸರಿಸಿದರು. ಊರೆಲ್ಲ ಟೋಪಿ ತೆಗೆದು ನಿಂತಿತ್ತು. ಹಿಮ ಬೀಳುವ ಮುಂಚಿನ ಗವ್ವೆನ್ನುವ ಮೌನ. ಬೋಡ್ರಿ ಗಂಭೀರವಾಗಿ ಬಾಗಿಲು ಹಾಕಿ, ಗಂಭೀರವಾಗಿ ಕೂತು, ಗಂಭೀರವಾಗಿ ಕೀಲಿ ತಿರುಗಿಸಿದರು.

ಚರ್ಚಿನ ಗುಮ್ಮಟದ ಪಾರಿವಾಳಗಳೆಲ್ಲ ಒಂದೇ ಸಲಕ್ಕೆ ಎದ್ದು ಹಾರಿದವು. ಪಾದ್ರಿಗಳ ಕೈಯಿಂದ ಧೂಪದ ಬಟ್ಟಲು ಜಾರಿತು. ಆ ಉದ್ದನೆಯ ಕಪ್ಪು ಗಾಡಿ ವಾಸಿಲ್‌ನನ್ನು ಪರಲೋಕಕ್ಕೆ ಒಯ್ಯಲು ಹೊರಟಂತಿರಲಿಲ್ಲ; ಅಲ್ಲಿಂದ ಎಳೆದು ತರಲು ಹೊರಟಂತಿತ್ತು. ಹಿಂದೆಯೇ ಮೈರನ್‌ನ ಟ್ರಕ್ಕು, ರೂಡಿಯ ಕಾರು, ದಂತವೈದ್ಯನ ಕಾರು, ಮೊಟ್ಟೆಯವಳ ವ್ಯಾನು, ಎಲ್ಲವೂ ಮೆರವಣಿಗೆಗೆ ಸಿದ್ಧವಾಗಿ ಒಂದೊಂದಾಗಿ ದನಿಗೂಡಿಸಿದವು.

ವಾಸಿಲ್‌ನ ಮಗಳು ಎರಡೂ ಕಿವಿ ಮುಚ್ಚಿಕೊಂಡು, "ಏನಿದು? ಯಾರ ಕೆಲಸ ಇದು? ನಮ್ಮಪ್ಪನ ಹೆಣದ ಮುಂದೆ ತಮಾಷೆ ಮಾಡ್ತಿದ್ದೀರಾ?" ಎಂದು ಕಿರುಚಿದಳು.

ಬೋಡ್ರಿ ಗಾಜು ಇಳಿಸಿ, ಬಿಳಚಿಕೊಂಡ ಮುಖವನ್ನು ಹೊರಹಾಕಿದರು. "ಕೂಜಿಕ್ ಅವರ ಪದ್ಧತಿ," ಎಂದು ಕೂಗಿದರು.

ಒಂದೊಂದಾಗಿ ಇಂಜಿನ್ನುಗಳು ನಿಂತವು. ಎಲ್ಲರ ಕಣ್ಣೂ ಎಮಿಲ್ ಕಡೆ ತಿರುಗಿತು. ಕಾಫಿ ಅಂಗಡಿಯ ಕಿಟಕಿಯಲ್ಲಿದ್ದ ಅವೇ ಮುಖಗಳು. ಅವತ್ತಿನ ಕುತೂಹಲ ಮಾತ್ರ ಇರಲಿಲ್ಲ. ಪಕ್ಕದಲ್ಲಿದ್ದವರು ಮೆಲ್ಲಗೆ ದೂರ ಸರಿದರು. ಮೈರನ್ ಕೂಡ ಸರಿದು, "ನಾನು ಅವತ್ತೇ ಹೇಳಿದ್ದೆ, ಹಿಂದಿನ ಒತ್ತಡ ಬೇಕು ಅಂತ" ಎಂದು ಯಾರಿಗೋ ಹೇಳುತ್ತಿದ್ದ. ಸರಿಯದೇ ಉಳಿದವಳು ಲೇಸ್ಯಾ ಒಬ್ಬಳೇ. ಅವಳು ಒಂದು ಹೆಜ್ಜೆ ಹತ್ತಿರ ಬಂದು ಅವನ ತೋಳು ಹಿಡಿದುಕೊಂಡಳು.

ಎಮಿಲ್‌ನ ಬೆರಳುಗಳು ಕೈಲಿದ್ದ ಟೋಪಿಯ ಅಂಚನ್ನು ತಿರುವಿದವು. "ಅದು..." ಎಂದ. "ಅದು ಏನಾಯ್ತು ಅಂದ್ರೆ..."

ಪರಸ್ಕಾ ಅಜ್ಜಿ ಊರುಗೋಲಿನಿಂದ ಮೆಟ್ಟಿಲಿಗೆ ಕುಟ್ಟಿದಳು.

"ಕೂಜಿಕ್ ಅಂದ್ರೆ ಯಾರು? ಆ ಬಣ್ಣದ ಅಂಗಡಿಯವನಾ?"

"ಹೌದಮ್ಮ, ಆ ಮನುಷ್ಯನೇ," ಎಂದಳು ಮಗಳು ಹಲ್ಲು ಕಚ್ಚಿ.

"ನಾನು ಅವನ ಕಾರಲ್ಲಿ ಬರ್ತೀನಿ. ಹಿಡ್ಕೋ ನನ್ನ."

ಮುದುಕಿ ದಾರಿಯಲ್ಲಿ ಊರುಗೋಲಿನಿಂದ ಅವನ ತಲೆ ಒಡೆಯುತ್ತಾಳೆಂದೇ ಎಲ್ಲರೂ ಭಾವಿಸಿದರು. ಎಮಿಲ್‌ಗೂ ಬೇರೆ ನಿರೀಕ್ಷೆ ಇರಲಿಲ್ಲ. ಅವಳನ್ನು ಮುಂದಿನ ಆಸನದಲ್ಲಿ ಕೂರಿಸಿ, ಮೊಣಕಾಲ ಮೇಲೆ ಕಂಬಳಿ ಹೊದಿಸಿದ. ಲೇಸ್ಯಾ ಹಿಂದೆ ಕೂತಳು. ಸ್ಮಶಾನ ಊರಾಚೆ, ಗೋಧಿ ಕೊಯ್ದ ಬಯಲಿನ ಕೊನೆಯಲ್ಲಿತ್ತು. ಬೇರೆ ದಾರಿಯಿಲ್ಲದೆ ಮೆರವಣಿಗೆ ಗುಡುಗುತ್ತಾ ಹೊರಟಿತು. ಎಮಿಲ್ ಎಂದಿನಂತೆ ಹೆಬ್ಬೆರಳಿನಲ್ಲಿ ಓಡಿಸಿದ. ಊರು ದಾಟುವವರೆಗೆ ಅಜ್ಜಿ ತಲೆ ಒಂದು ಕಡೆ ವಾಲಿಸಿ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

"ಸೈಲೆನ್ಸರ್ ಬಿದ್ದೋಗಿದೆ," ಅಂದಳು ಆಮೇಲೆ.

ಎಮಿಲ್ ರಸ್ತೆ ನೋಡಿದ. ಬಲಗಡೆ ಬಯಲು, ಎಡಗಡೆ ಬಯಲು. ಓಡಿಹೋಗಲು ಬೇಕಾದಷ್ಟು ಜಾಗವಿತ್ತು, ಅಡಗಲು ಒಂದು ಮರವೂ ಇರಲಿಲ್ಲ.

"ಹೌದಜ್ಜಿ," ಎಂದ.

"ತೆಗೆಸಿದ್ದಲ್ಲ."

"ಅಲ್ಲ. ಬಿತ್ತು."

"ಹ್ಞೂಂ." ಅಜ್ಜಿ ಕಂಬಳಿ ಮೇಲೆಳೆದುಕೊಂಡಳು. "ನಮ್ಮ ಮನೆಯವರದೂ ಬಿತ್ತು. ಹೊಸ ಟ್ರ್ಯಾಕ್ಟರು. ತಂದ ವರ್ಷವೇ ಬೇಲಿ ಕಂಬಕ್ಕೆ ಗುದ್ದಿಕೊಂಡು ಬಂದ್ರು, ಹೊಗೆಕೊಳವೆ ಮುರಿದು ಕೈಲಿತ್ತು. ಏನಾಯ್ತು ಅಂದೆ. ನಾನೇ ತೆಗೆದೆ, ಜೋರು ಬರ್ಲಿ ಅಂತ, ಅಂದ್ರು. ನಾನು ಹೌದಾ ಅಂದೆ. ಆವತ್ತಿಂದ ಊರಿಗೆಲ್ಲ ಅದನ್ನೇ ಹೇಳಿದ್ರು. ನಾನು ಪಕ್ಕದಲ್ಲಿ ನಿಂತು ಹೌದು ಹೌದು ಅಂತಿದ್ದೆ."

"ಯಾಕಜ್ಜಿ?"

"ಯಾಕೆ ಅಂದ್ರೆ? ಇನ್ನೊಬ್ಬ ಗಂಡನ್ನ ಹುಡುಕೋಕೆ ನನಗೆ ಪುರುಸೊತ್ತೆಲ್ಲಿತ್ತು, ಹಸು ಕರೀಬೇಕಿತ್ತು!" ಎಂದಳು. ಆಮೇಲೆ ದನಿ ತಗ್ಗಿತು. "ಒಂದಿನ ತಾನಾಗೇ ಬಂದು, ಪರಸ್ಕಾ, ಕಂಬಕ್ಕೆ ಗುದ್ದಿದೆ ಕಣೇ, ಅಂತಾರೆ ಅಂದ್ಕೊಂಡಿದ್ದೆ. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಗಬೋದು ಅಂತ ಕಾದೆ. ಮೊನ್ನೆ ಬೆಳಗ್ಗೆ ಚಹಾ ಕುಡೀತಾ ನನ್ನ ಮುಖ ನೋಡಿದ್ರು. ಹೇಳ್ತಾರೇನೋ ಅನ್ನಿಸ್ತು. ಸಕ್ಕರೆ ಕೊಡು ಅಂದ್ರು."

ಕಾರು ಗುಡುಗುತ್ತಾ ಸಾಗುತ್ತಿತ್ತು. ಎಮಿಲ್ ಕನ್ನಡಿಯಲ್ಲಿ ನೋಡಿದ. ಲೇಸ್ಯಾ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಾಳೋ, ಎಷ್ಟು ದಿನದಿಂದ ಹಾಗೆ ಕಾದಿದ್ದಾಳೋ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

"ಲೇಸ್ಯಾ," ಎಂದು ಕರೆದ. ಸದ್ದಿನಲ್ಲಿ ಕೇಳಿಸಲಿಲ್ಲ. "ಲೇಸ್ಯಾ!" ಎಂದು ಕೂಗಿದ. "ಬಿದ್ದೋಯ್ತು ಕಣೇ! ನೀನು ಹೇಳಿದ್ದೆ. ನಾನು ಸರಿ ಮಾಡಿಸ್ಲಿಲ್ಲ. ಬಿದ್ದೋಯ್ತು!"

"ಏನು?"

"ಸೈಲೆನ್ಸರ್!"

ಲೇಸ್ಯಾ ಕಿಟಕಿಯಿಂದ ಮುಖ ತಿರುಗಿಸಿದಳು. "ಹೌದಾ!" ಅಂದಳು. "ಈ ಸದ್ದಿಗೆ ನನಗೆ ಗೊತ್ತೇ ಆಗ್ಲಿಲ್ಲ ನೋಡು."

ಮೊದಲು ನಕ್ಕದ್ದು ಪರಸ್ಕಾ ಅಜ್ಜಿ. ಒಣಗಿದ ಗಂಟಲಿಂದ ಕೆಮ್ಮಿನಂತೆ ಬಂದ ನಗು ಬೆಳೆಯುತ್ತಾ ಹೋಯಿತು. ಲೇಸ್ಯಾ ಕೈಚೀಲದಲ್ಲಿ ಮುಖ ಹುದುಗಿಸಿದಳು. ಎಮಿಲ್ ಸ್ಟೀರಿಂಗಿನ ಮೇಲೆ ಬಗ್ಗಿಬಿಟ್ಟ. "ಕಂಬಕ್ಕೆ ಗುದ್ದಿ ಬಂದು," ಅಂದಳು ಅಜ್ಜಿ ಉಸ್ಸೆನ್ನುತ್ತಾ, "ಕಂಬ ಅಡ್ಡ ಬಂತು ಅಂತಾದ್ರೂ ಅನ್ನಬಾರದಾ ನನ್ನ ವಾಸಿಲ್!" ಹೆಸರು ಬಾಯಿಗೆ ಬಂದದ್ದೇ ನಗು ಒಡೆದು ಅಳುವಾಯಿತು. ಅಳುತ್ತಳುತ್ತಲೇ ಮತ್ತೆ ನಕ್ಕಳು. ಎಮಿಲ್ ಕಾರು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಹೊರಗಿನವರಿಗೆ ಕೇಳಿಸುತ್ತಿತ್ತು. ಅಜ್ಜಿಗೆ ಆ ಸದ್ದೇ ಬೇಕಾದಷ್ಟು ಮರೆಯಾಗಲೆಂದು, ಆ ನದಿಯ ಏರಿನ ನಂತರ ಮೊದಲ ಸಲ, ಕಾಲನ್ನು ಒಂದಿಷ್ಟು ಗಟ್ಟಿಯಾಗಿ ಊರಿದ.

ಸ್ಮಶಾನದ ಗೇಟಿನ ಬಳಿ ಮೊದಲೇ ಬಂದು ನಿಂತಿದ್ದವರಿಗೆ ಕಂಡದ್ದು ಇಷ್ಟು: ನೀಲಿ ಕಾರು ಗರ್ಜಿಸುತ್ತಾ ಬಂತು. ಒಳಗೆ ಪರಸ್ಕಾ ಅಜ್ಜಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು, ಅವಳ ಭುಜಗಳು ಎಡೆಬಿಡದೆ ಅದುರುತ್ತಿದ್ದವು. ಕೂಜಿಕ್ ದಂಪತಿಗಳ ಕೆನ್ನೆಯ ಮೇಲೂ ನೀರು ಹರಿಯುತ್ತಿತ್ತು. ಜನ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಸಾರ್ಜೆಂಟ್ ಡೂಶಾರ್ಮ್ ಟೋಪಿ ತೆಗೆದು ಎದೆಗೆ ಹಿಡಿದಳು. ಅಜ್ಜಿಯ ಮಗಳು ಓಡಿಬಂದು ಬಾಗಿಲು ತೆಗೆದು, ಅಮ್ಮನನ್ನು ತಬ್ಬಿಕೊಂಡು, "ಕಡೆಗೂ ಅತ್ತೆಯಲ್ಲಮ್ಮ, ಕಡೆಗೂ ಅತ್ತೆಯಲ್ಲ" ಎಂದು ತಾನೂ ಅತ್ತಳು.

ತಿಂಗಳು ಮುಗಿಯುವುದರೊಳಗೆ ಊರಿನ ಸೈಲೆನ್ಸರುಗಳೆಲ್ಲ ಸ್ವಸ್ಥಾನ ಸೇರಿದವು. ಎಮಿಲ್ ಗ್ಯಾರೇಜಿನಲ್ಲಿ ಎಲ್ಲರಿಗೂ ಕೇಳುವಂತೆ, ಬಿದ್ದುಹೋಗಿತ್ತು, ಹಾಕಿಕೊಡಿ ಎಂದ. ಕಾರು ಮೊದಲಿನ ಹಾಗೆ ಸೌಮ್ಯವಾಯಿತು. ಅವನ ಕಾಲೂ ಮೊದಲಿನ ಹಾಗೆ ಭಾರವಾಯಿತು. ಯಿವೋನಳ ಬಂಕಿಗೆ ವಾರ ವಾರ ಹೋಗುವುದು ಮತ್ತೆ ಶುರುವಾಯಿತು. ಇಂಜಿನ್ನಿನ ವಿಷಯದಲ್ಲಿ ಅವನ ಮಾತನ್ನು ಈಗ ಯಾರೂ ಕೇಳುವುದಿಲ್ಲ, ಬಣ್ಣದ ವಿಷಯದಲ್ಲೂ ಅಷ್ಟೇ.

ಆದರೆ ಯಾರದಾದರೂ ಮನೆಯಲ್ಲಿ ಸಾವಾಗಿ, ಮನೆಯವರು ಅಳದೆ ಮರಗಟ್ಟಿ ಕೂತರೆ, ಎಮಿಲ್ ಕೂಜಿಕ್‌ನನ್ನು ಕರೆಸಿ ಎನ್ನುತ್ತಾರೆ ಪಾದ್ರಿಗಳು. ಪರಸ್ಕಾ ಅಜ್ಜಿಗೆ ದಾರಿಯಲ್ಲಿ ಅವನು ಏನು ಸಮಾಧಾನ ಹೇಳಿದನೋ ದೇವರಿಗೇ ಗೊತ್ತು, ಅಂಥ ಮಾತು ತಮಗೂ ಬಾರದು ಎನ್ನುತ್ತಾರೆ. ಕರೆದಾಗ ಎಮಿಲ್ ಕರಿ ಕೋಟು ಹಾಕಿಕೊಂಡು ಹೋಗಿ, ಅವರ ಪಕ್ಕ ಸುಮ್ಮನೆ ಕೂತು ಬರುತ್ತಾನೆ. ಊರಿನ ಈ ತಪ್ಪು ತಿಳಿವಳಿಕೆಯನ್ನು ಅವನು ತಿದ್ದಲು ಹೋಗಿಲ್ಲ. ಲೇಸ್ಯಾಳೂ ಹೋಗಿಲ್ಲ.